ಕೋರ್ಟಿನವರಿಗೊಂದು ಟೀ

"ನೀವು ಸುಮ್ನೆ ಮಲಗಿದ್ರೆ ಸಾಕು. ಮಾತು ನಾನಾಡ್ತೀನಿ," ಎಂದು ಹೆಂಡತಿ ಗಂಡನ ಮೂಗಿನ ಆಕ್ಸಿಜನ್ ಪೈಪು ಸರಿಮಾಡಿದಳು.

"ಮನೆಗೆ ಬಂದೋರ ಮುಂದೆ ಮಲಗಿರೋದಾ? ಏನಂದ್ಕೊಳ್ಳಲ್ಲ ಅವ್ರು?"

"ಕಾಯಿಲೆ ಅಂದ್ಕೋತಾರೆ. ನಮಗೆ ಬೇಕಾಗಿರೋದೂ ಅದೇ ತಾನೆ?"

ಮನೆ ಖಾಲಿ ಮಾಡಿಸಲು ಮಾಲೀಕರು ಕೋರ್ಟಿಗೆ ಹೋಗಿದ್ದರು. ಹಾಸಿಗೆ ಹಿಡಿದ ರೋಗಿಯನ್ನು ಹಾಗೆಲ್ಲ ಬೀದಿಗೆ ಹಾಕುವಂತಿಲ್ಲ, ಕಾಲಾವಕಾಶ ಸಿಗುತ್ತದೆ ಎಂದು ವಕೀಲರು ಧೈರ್ಯ ಹೇಳಿದ್ದರು. ಕಾಯಿಲೆಯೆಲ್ಲ ನಾಟಕ ಎಂದು ಮಾಲೀಕರು ತಗಾದೆ ತೆಗೆದ ಮೇಲೆ, ಕಣ್ಣಾರೆ ನೋಡಿ ಬರಲು ಕೋರ್ಟು ಇವತ್ತು ಒಬ್ಬರನ್ನು ಕಳಿಸುತ್ತಿತ್ತು. ಬೇರೆ ಮನೆ ಹುಡುಕಿ ಹುಡುಕಿ ಅವಳ ಚಪ್ಪಲಿ ಸವೆದಿತ್ತು. ಆಕ್ಸಿಜನ್ ಮಷಿನ್ ಸುದ್ದಿ ಎತ್ತಿದರೆ ಸಾಕು, ಎಲ್ಲರದೂ ಒಂದೇ ರಾಗ: "ಹೆಚ್ಚುಕಮ್ಮಿ ಆದ್ರೆ ನಮ್ಮನೇಲೇ ಆಗುತ್ತಲ್ಲಮ್ಮ." ಇದೂ ಹೋದರೆ ಮುಂದೇನು ಎಂದು ಅವಳಿಗೆ ತೋಚುತ್ತಿರಲಿಲ್ಲ.

ಬಂದವರು ಕನ್ನಡಕ ಹಾಕಿದ, ಮೆತ್ತಗಿನ ಮಾತಿನ ಮನುಷ್ಯ. ಮೆಟ್ಟಿಲು ಹತ್ತಿ ಬೆವರಿಳಿಸಿಕೊಂಡಿದ್ದರು. ಎಕ್ಸ್‌ರೇ ತರಲು ಅವಳು ಒಳಕೋಣೆಗೆ ಹೋದದ್ದೇ ತಪ್ಪಾಯಿತು. ಹೊರಗೆ ಬಂದು ನೋಡಿದರೆ ಮಂಚ ಖಾಲಿ, ಪೈಪು ದಿಂಬಿನ ಮೇಲೆ. ಫ್ಲಾಸ್ಕಿನ ಟೀ ಲೋಟಕ್ಕೆ ಬಗ್ಗಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಗೈಲಿ ಟ್ರೇ ಹಿಡಿದು ಗಂಡ ಅಡುಗೆಮನೆಯಿಂದ ನಗುತ್ತ ಬರುತ್ತಿದ್ದ. ಆಯಸ್ಸೆಲ್ಲ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಜ್ವರವಿರಲಿ, ಕಾಲು ಬಾತಿರಲಿ, ಗಿರಾಕಿಯ ಎದುರು ಮುಖ ಸಪ್ಪಗಾಗಬಾರದು. ಒಬ್ಬರು ಬಾಯಾರಿ ಕೂತಿರುವಾಗ ಮಲಗಿರು ಎಂದರೆ ಈ ಪುಣ್ಯಾತ್ಮನಿಂದ ಆದೀತೇ?

"ಸಕ್ಕರೆ ಸಾಕಾ ಸಾರ್? ಇನ್ನೊಂದ್ ಚೂರು ಹಾಕ್ಲಾ?"

"ಇವ್ರಿಗೆ ಎದ್ದು ಓಡಾಡೋಕಾಗಲ್ಲ ಸಾರ್," ಎಂದಳು ಅವಳು. ಹೇಳುವಾಗಲೇ ಆ ಮಾತು ಅವಳ ಕಿವಿಗೇ ಸುಳ್ಳಾಗಿ ಕೇಳಿಸಿತು.

"ಇವಳದ್ದು ಯಾವಾಗ್ಲೂ ಹೀಗೇ ಸಾರ್. ನಾನು ಸೀನಿದ್ರೂ ಆಂಬುಲೆನ್ಸ್ ಕರೀತಾಳೆ."

ಬಂದವರು ನಕ್ಕರು. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಅವರು ಟೀ ಮುಗಿಸಿ ಎದ್ದರು.

"ಯಜಮಾನ್ರು ಗಟ್ಟಿಯಾಗೇ ಇದ್ದಾರಲ್ಲಮ್ಮ," ಎಂದರು ಬಾಗಿಲ ಬಳಿ. "ಏನೋ ಅಂದ್ಕೊಂಡು ಬಂದಿದ್ದೆ. ಸಂತೋಷ ಆಯ್ತು."

"ಇನ್ನೊಂದ್ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಸಾರ್. ದಮ್ಮಯ್ಯ."

ಅವರು ಇದ್ದಾಗಲೇ ಗಂಡ ಕುಸಿದು ಬೀಳಲಿ ಎಂದು ತಾನು ಬೇಡುತ್ತಿದ್ದೇನೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಅವರು ಗಡಿಯಾರ ನೋಡಿಕೊಂಡು ಮೆಟ್ಟಿಲಿಳಿದರು.

ಒಳಗೆ ಗಂಡ ಗೋಡೆ ಹಿಡಿದು ನಿಂತಿದ್ದ. ತುಟಿ ನೀಲಿಗಟ್ಟಿತ್ತು. ಅವಳು ತೋಳು ಹಿಡಿದು ಕೂರಿಸಿ, ಪೈಪು ಹಾಕಿ, ಮಷಿನ್ ಜೋರು ಮಾಡಿದಳು. ಎಷ್ಟೋ ಹೊತ್ತಿನ ಮೇಲೆ ಅವನ ಬಾಯಿಂದ ಮಾತು ಹೊರಟಿತು.

"ಒಂದು ಹನೀನೂ... ಚೆಲ್ಲಲಿಲ್ಲ. ನೋಡಿದ್ಯಾ?"

"ಹ್ಞೂಂ, ನೋಡ್ದೆ," ಎಂದಳು.

ಅವನು ಕಣ್ಣು ಮುಚ್ಚಿದ. ಅವಳು ಬೆನ್ನು ನೀವುತ್ತ ಕೂತಳು. ಕೆಳಗೆ ಬೀದಿಯಲ್ಲಿ ಮಾಲೀಕರು ಯಾರಿಗೋ ಥ್ಯಾಂಕ್ಸ್ ಹೇಳುತ್ತಿದ್ದುದು ಕೇಳಿಸಿತು.