8ರ ಹೊಟ್ಟೆ

ಭಾನುವಾರ ಪಂದ್ಯ, ಶುಕ್ರವಾರ ಬೆಳಿಗ್ಗೆ 8 ಎಂಬ ಅಂಕಿಯ ಹೊಟ್ಟೆ ತುಂಬಿಹೋಯಿತು.

ಹುಡುಗಿಯರ ವಾಲಿಬಾಲ್ ತಂಡದ ಜೆರ್ಸಿಗಳಿಗೆ ಅಂಕಿಗಳ ಕಸೂತಿ ಹಾಕಿಕೊಡಲು ಟೈಲರಕ್ಕ ಒಪ್ಪಿಕೊಂಡಿದ್ದಳು. ಅಂಗಡಿಗೆ ಬಂದ ಮೊದಲ ದೊಡ್ಡ ಕೆಲಸ. ತಪ್ಪಿದರೆ ತಂಡ ನೆಟ್ಟಗೆ ಎದುರಂಗಡಿಗೆ. ಕಸೂತಿ ಯಂತ್ರಕ್ಕೆ ಹೊಲಿಗೆಯ ದಾರಿ ತೋರಿಸುವ ಸಾಫ್ಟ್‌ವೇರ್ ಪುಕ್ಕಟೆಯದು. ಎಲ್ಲೋ ಇರುವ ಒಬ್ಬ ಪುಣ್ಯಾತ್ಮ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿದ್ದ. ಅದನ್ನು ಅಪ್‌ಡೇಟ್ ಮಾಡಿದ್ದೇ ತಡ, 8ರ ಎರಡು ಹೊಟ್ಟೆಯೂ ದಾರದಿಂದ ತುಂಬಿ, ಒಂದರ ಮೇಲೊಂದು ಕೂತ ಗುಂಡುಕಲ್ಲುಗಳಂತಾದವು. ಪುಣ್ಯಕ್ಕೆ ಚಿಂದಿ ಬಟ್ಟೆಯ ಮೇಲೆ ಹಾಕಿ ನೋಡಿದ್ದಳು.

ಬರೆದವನಿಗೆ ಸಂದೇಶ ಹಾಕುವ ಜಾಗ ಇಂಟರ್ನೆಟ್ಟಿನಲ್ಲಿತ್ತು. ‘ನಿಮ್ಮ ಸಾಫ್ಟ್‌ವೇರ್ ಕೆಟ್ಟಿದೆ. ಅರ್ಜೆಂಟ್. ಈಗಲೇ ಸರಿಮಾಡಿ!!!’ ಎಂದು ಕುಟ್ಟಿದಳು. ಮಧ್ಯಾಹ್ನವಾದರೂ ಉತ್ತರವಿಲ್ಲ. ಅದನ್ನೇ ಮತ್ತೊಮ್ಮೆ ಕುಟ್ಟಿದಳು.

“ಏನಂತಾನೇ ನಿನ್ನ ಪುಣ್ಯಾತ್ಮ?” ಗುಂಡಿ ಹಚ್ಚುತ್ತಿದ್ದ ಅತ್ತೆ ಕೇಳಿದರು.

“ಕಿವಿಗೆ ಹತ್ತಿ ತುರುಕ್ಕೊಂಡು ಕೂತಿದಾನೆ.”

“ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ಬಾರ್ದು ಅಂತಾರೆ. ನೀನು ಹಾಲೂ ನೀನೇ ಕರೆದುಕೊಡು ಅಂತಿದೀಯಲ್ಲೇ!”

“ನೀವು ಸುಮ್ನಿರಿ ಅತ್ತೆ.”

ಅಷ್ಟರಲ್ಲಿ ಫೋನು. ಹೋದ ವಾರ ಕೋಟು ಹೊಲಿಸಿಕೊಂಡ ಬ್ಯಾಂಕಿನ ಮೇಡಂ. “ಕೋಟು ಸರಿಯಿಲ್ಲಾರೀ. ಅರ್ಜೆಂಟಾಗಿ ಸರಿಮಾಡಿ.”

“ಎಲ್ಲಿ ಸರಿಯಿಲ್ಲ? ಭುಜಾನಾ, ಕಂಕುಳಾ?”

“ಒಟ್ನಲ್ಲಿ ಸರಿಯಿಲ್ಲ.”

“ಮೇಡಂ, ಬಟ್ಟೆ ನೋಡ್ದೆ ಗಾಳೀಲಿ ಹೊಲೀಲಾ? ತಗೊಂಬನ್ನಿ, ತೊಟ್ಕೊಳ್ಳಿ, ಎಲ್ಲಿ ಬಿಗಿಯೋ ಅಲ್ಲಿ ಗುಂಡುಸೂಜಿ ಚುಚ್ಚಿ ತೋರ್ಸಿ.” ಈ ಮಾತು ಅವಳ ಅಂಗಡಿಯ ಶಾಸನ.

ಫೋನಿಟ್ಟು ತಿರುಗಿದರೆ ಅತ್ತೆಯ ಭುಜ ನಗುವಿನಿಂದ ಕುಲುಕುತ್ತಿತ್ತು. ಅವಳು ಕಂಪ್ಯೂಟರಿನ ಕಡೆ ನೋಡಿದಳು. ತಾನು ಕುಟ್ಟಿದ್ದು ಅಲ್ಲಿ ಹಲ್ಲು ಕಿರಿಯುತ್ತಿತ್ತು, ಅದೂ ಎರಡೆರಡು ಸಲ.

“ನಾನೂ ಕೋಟಿನ ಮೇಡಮ್ಮೇ ಆದ್ನಲ್ಲ, ಅತ್ತೆ.”

“ಅವನಿಗೂ ಗುಂಡುಸೂಜಿ ಚುಚ್ಚಿ ತೋರ್ಸೇ ತಾಯಿ.”

ಎರಡನೆಯದನ್ನು ಅಳಿಸಿ, ಮೊದಲನೆಯದರ ಕೆಳಗೆ ನಿಧಾನವಾಗಿ ಬರೆದಳು: ಒರಟಾಗಿ ಬರೆದೆ, ಕ್ಷಮಿಸಿ. ಹಳೆಯದು ಇಂಥ ಆವೃತ್ತಿ, ಹೊಸದು ಇಂಥದ್ದು. ಮೊದಲು 8 ಹೀಗೆ ಬರುತ್ತಿತ್ತು, ಈಗ ಹೀಗೆ. ಎರಡರ ಫೋಟೊ ಇಲ್ಲಿದೆ. ಯಂತ್ರ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಭಾನುವಾರ ಪಂದ್ಯವಿದೆ; ಬಿಡುವಾದರೆ ದಾರಿ ತೋರಿಸಿ.

ಸಂಜೆಗೆ ಉತ್ತರ ಬಂತು. ‘ಫೋಟೊ ನೋಡಿದ ಕೂಡಲೇ ಗೊತ್ತಾಯಿತು, ತಪ್ಪು ನನ್ನದೇ. ಸರಿಮಾಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಹಳೆಯ ಆವೃತ್ತಿಗೆ ಹೋಗಿ.’ ಹೋಗುವುದು ಹೇಗೆಂದೂ ಬಿಡಿಸಿ ಹೇಳಿದ್ದ. 8ರ ಹೊಟ್ಟೆ ಬರಿದಾಯಿತು.

ಶನಿವಾರ ಕೋಚ್ ಬಂದು, ಜೆರ್ಸಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಮುಂದಿನ ಟ್ರ್ಯಾಕ್‌ಸೂಟಿಗೂ ಅಳತೆ ತೆಗೆಯಲು ಹೇಳಿ ಹೋದಳು. ಟೈಲರಕ್ಕ ಮರೆಯದೆ ಧನ್ಯವಾದ ಬರೆದಳು. ತಕ್ಷಣ ಉತ್ತರ: ‘ನೀವು ಟೈಲರ್ ತಾನೇ? ನನ್ನ ಜಾಕೆಟ್ ಜಿಪ್ ಕೆಟ್ಟಿದೆ. ಏನು ಮಾಡಲಿ? ಅರ್ಜೆಂಟ್!’

“ಎಲ್ಲಿ ಕೆಟ್ಟಿದೆಯಂತೆ?” ಅತ್ತೆ ಇಣುಕಿದರು.

“ಒಟ್ನಲ್ಲಿ ಕೆಟ್ಟಿದೆಯಂತೆ ಅತ್ತೆ.”

ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಅವಳು ಕುಟ್ಟಿದಳು: ‘ಮೊದಲು ಒಂದು ಫೋಟೊ ಕಳಿಸಿ.’