ಹೆಂಗಸರ ಕಡೆಯ ಕ್ಯಾಮೆರಾ

ಭಟ್ಕಳದ ಕೆಲವು ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ವಿಡಿಯೋ ತೆಗೆಯಲು ಗಂಡಸರಿಗೆ ಪ್ರವೇಶವಿಲ್ಲ. ಅದಕ್ಕಾಗಿ ಕುಮಟೆ ಹತ್ತಿರದ ಬಾಡದಿಂದ ವೀಣಾಳನ್ನು ಕರೆಸುತ್ತಿದ್ದರು. ಕೆಲಸ ಮುಗಿದ ಕೂಡಲೇ ಕ್ಯಾಮೆರಾದ ಕಾರ್ಡನ್ನು ಅಲ್ಲೇ ತೆಗೆದು, ಮನೆಯ ಹಿರಿಯಾಕೆಯ ಕೈಗೆ ಕೊಟ್ಟು ಬರುವುದು ಅವಳ ಪದ್ಧತಿ. ಅವಳ ಹೆಸರು ಮನೆಯಿಂದ ಮನೆಗೆ ದಾಟಿದ್ದು ಇದರಿಂದಲೇ.

ಹಳೆಯ ಕ್ಯಾಮೆರಾ ಕೈಕೊಟ್ಟಾಗ ಹೊಸದನ್ನು ಆರಿಸಲು ಗಂಡ ಭಾಸ್ಕರನೂ ಹೊನ್ನಾವರದ ಅಂಗಡಿಗೆ ಬಂದ. ಅವನು ಕ್ಯಾಮೆರಾ ಹಿಡಿದವನಲ್ಲ; ಯೂಟ್ಯೂಬಿನಲ್ಲಿ ಕ್ಯಾಮೆರಾಗಳನ್ನು ನೋಡಿದವನು. ವೀಣಾ ಕೈಗೆ ಹಗುರವಾದ, ಮಬ್ಬು ಬೆಳಕಿನಲ್ಲೂ ಮುಖ ತೋರುವ ಒಂದನ್ನು ಹಿಡಿದು ನೋಡುತ್ತಿದ್ದಳು. ಭಾಸ್ಕರ ಅದನ್ನು ಅವಳ ಕೈಯಿಂದ ತೆಗೆದಿಟ್ಟು, ತೆಗೆಯುತ್ತಿರುವಾಗಲೇ ಚಿತ್ರವನ್ನು ಫೋನಿನಲ್ಲಿ ತೋರಿಸುವಂಥದ್ದನ್ನು ಕೇಳಿದ. ಅಂಗಡಿಯವರಿಗೆ ಇಂಥ ಗಂಡಂದಿರು ಬಲು ಪ್ರಿಯ.

"ನಮ್ಗೆ ಅದು ಬ್ಯಾಡ. ಅಲ್ಲಿ ತೆಗ್ದದ್ದು ಹೊರಗೆ ಹೋಗೂಕೇ ಇಲ್ಲ," ಎಂದಳು ವೀಣಾ.

"ನಿಂಗೆಂತ ಗೊತ್ತು? ಮುಂದೆ ಬೇಕಾಗ್ತದೆ."

ಬಿಲ್ಲು ಭಾಸ್ಕರನ ಹೆಸರಿಗಾಯಿತು.

ಹೊಸ ಕ್ಯಾಮೆರಾದ ಮೊದಲ ಮದುವೆಗೆ ಅವನೇ ಓಮ್ನಿಯಲ್ಲಿ ಕರೆತಂದು ಅವಳನ್ನು ಒಳಗೆ ಕಳಿಸಿ, ಶಾದಿಮಹಲಿನ ಗೋಡೆಗೆ ಒತ್ತಿ ಗಾಡಿ ನಿಲ್ಲಿಸಿಕೊಂಡ. ಒಳಗೆ ಹೆಂಗಸರು ಬುರ್ಖಾ ತೆಗೆದಿಟ್ಟು ನಿರಾಳವಾಗಿದ್ದರು. ಮದುಮಗಳ ಸುತ್ತ ಹಾಡು ನಡೆದಿತ್ತು. ವೀಣಾಳ ಫೋನು ಬಡಿದುಕೊಂಡಿತು. ಮನೆಯಲ್ಲಿ ಯಾರಿಗೆ ಏನಾಯಿತೋ ಎಂದುಕೊಂಡು, ಕ್ಯಾಮೆರಾ ಬಿಡಲಾಗದೆ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ವೀಣಾ, ಮದುಮಗಳ ಮುಖ ಕಪ್ಪು ಬರ್ತದೆ, ಲೈಟು ಹೆಚ್ಚು ಮಾಡು," ಎಂದಿತು ಭಾಸ್ಕರನ ದನಿ. "ಆ ಹಸಿರು ದುಪಟ್ಟಾದವ್ರಿಗೆ ಚೂರು ಸರಿಯೂಕೆ ಹೇಳು."

ಹಾಡು ನಿಂತಿತು. ಹಸಿರು ದುಪಟ್ಟಾದಾಕೆ ಕಂಬದ ಹಿಂದೆ ಸರಿದಳು, ಅವನು ಹೇಳಿದ್ದಕ್ಕಿಂತ ಬಹಳ ದೂರ.

ಹಿಂದಿನ ದಿನವೇ ಭಾಸ್ಕರ ಕ್ಯಾಮೆರಾಕ್ಕೂ ತನ್ನ ಫೋನಿಗೂ ನೆಂಟಸ್ತನ ಬೆಳೆಸಿದ್ದ. ಹೆಂಡತಿಗೆ ಹೇಳುವ ಅಗತ್ಯ ಕಂಡಿರಲಿಲ್ಲ. ವೀಣಾ ಕ್ಯಾಮೆರಾ ಬಂದ್ ಮಾಡಿ, ಕಾರ್ಡು ತೆಗೆದು ಹಿರಿಯಾಕೆಯತ್ತ ಚಾಚಿ, ತನಗಿದು ತಿಳಿದಿರಲಿಲ್ಲವೆಂದಳು.

"ಗೊತ್ತು ಮಗಾ," ಎಂದರು ಆಕೆ. ಬೈಯಲಿಲ್ಲ. "ಆದ್ರೆ ಇನ್ನು ಕಾರ್ಡು ಕೊಟ್ರೆ ಎಂತ ಆತು? ಊಟ ಮಾಡ್ಕೊಂಡು ಹೋಗು."

ಭಟ್ಕಳದ ಮದುವೆಗಳಲ್ಲಿ ಯಾವಾಗಲೂ ನಿಂತೇ ನಾಲ್ಕು ತುತ್ತು ತಿಂದವಳಿಗೆ ಆ ದಿನ ಕುರ್ಚಿ ಹಾಕಿ ಬಡಿಸಿದರು. ಅತಿಥಿಯನ್ನು ಮತ್ತೆ ಕೆಲಸಕ್ಕೆ ಕರೆಯುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಹೊರಗೆ ಭಾಸ್ಕರ, ಚಿತ್ರ ಯಾಕೆ ನಿಂತಿತೆಂದು, ಫೋನನ್ನು ಓಮ್ನಿಯ ಕಿಟಕಿಯಿಂದಾಚೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದ.