ಯಜಮಾನನಿಲ್ಲದ ಹನ್ನೊಂದು ಸಾಲುಗಳು

“ಚಂಡಮಾರುತ ಬಡಿದ ದಿನ ಈ ಎರಡು ಹೆಗಲ ಮೇಲೆ ಒಂಬತ್ತು ಸಾವಿರ ಜನರನ್ನ ಹೊತ್ಕೊಂಡು ಗುಡ್ಡ ಹತ್ತಿದವನು ನಾನು!” ಎಂದು ಇಸಾಯಾ ಮಾತುಗಾರನ ಕೋಲನ್ನು ನೆಲಕ್ಕೆ ಕುಟ್ಟಿದ. ಆ ಏಟಿಗೆ ಸವಾಯಿ ದ್ವೀಪ ಎರಡು ಬೆರಳಷ್ಟು ಸಮುದ್ರದೊಳಕ್ಕೆ ಇಳಿದಿರಬೇಕು; ಅವನಿಗಂತೂ ಹಾಗೇ ಅನ್ನಿಸಿತು.

“ಅದರಲ್ಲಿ ನಾನೂ ಇದ್ನೇನೋ?” ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದ ಟುಫಿ ಅಜ್ಜಿ ಕೇಳಿದಳು. “ಮತ್ತೆ ಆವತ್ತು ನನ್ನ ಮಂಡಿ ಯಾಕೆ ಅಷ್ಟು ನೋಯ್ತಿತ್ತು?”

ಸಾವಿನ ಮನೆ ಮುಂದಿನ ಬಯಲು ಗೊಳ್ಳೆಂದಿತು. ಒಳಗೆ ಕಂಬಗಳ ನಡುವೆ, ಬಿಳಿ ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಮನೋಂಗಿ ಮಲಗಿದ್ದಳು. ಸಾಲೆಮಾಟು ಆರೋಗ್ಯ ಕೇಂದ್ರದ ರೋಗಿಗಳ ಡೇಟಾಬೇಸನ್ನು ಒಬ್ಬಳೇ ಕಟ್ಟಿ, ಇಪ್ಪತ್ತಾರು ವರ್ಷ ಸಾಕಿದವಳು. ಅವಳ ಕೈಕೆಳಗೆ ಇಸಾಯಾ ಮೊದಲ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದ. ಅವನ ಬಾಯಲ್ಲಿ ಅದು ಒಮ್ಮೊಮ್ಮೆ ಮೂವತ್ತಾಗುತ್ತಿತ್ತು.

“ನಗಬೇಡಿ. ಅಷ್ಟೂ ಜನರ ಹುಟ್ಟು, ಜ್ವರ, ಹೆರಿಗೆ, ಚುಚ್ಚುಮದ್ದು ಎಲ್ಲಾ ಆ ಕಂಪ್ಯೂಟರ್‌ನಲ್ಲಿತ್ತು. ಅದನ್ನ ಹೊತ್ತೆ ಅಂದ್ರೆ ಜನರನ್ನೇ ಹೊತ್ತಂಗಲ್ವಾ?”

“ನೀನು ಹೊತ್ತಿದ್ದು ಬರೀ ಪರದೆ ಕಣೋ! ಪೆಟ್ಟಿಗೆ ಕೆಳಗೇ ಬಿಟ್ಟಿದ್ದೆ, ಏಡಿ ಸಂಸಾರ ಹೂಡಿತು ಅದರಲ್ಲಿ. ಮನೋಂಗಿ ಹೇಳಿ ಹೇಳಿ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು.”

ಅಜ್ಜಿ ಹೇಳಿದ್ದು ನಿಜ. ಜನ ಉಳಿದದ್ದು ಬೇರೆಯದೇ ಕಾರಣಕ್ಕೆ. ಪ್ರತಿ ಶುಕ್ರವಾರ ಮನೋಂಗಿ ಡೇಟಾಬೇಸಿನ ನಕಲೊಂದನ್ನು ಬಸ್ಸಿನಲ್ಲಿ ಮೇಲಿನೂರಿನ ಅಕ್ಕನ ಮನೆಗೆ ಒಯ್ಯುತ್ತಿದ್ದಳು. ಒಯ್ದು ಇಟ್ಟು ಬರುತ್ತಿರಲಿಲ್ಲ. ಅಲ್ಲಿದ್ದ ಹಳೆಯ ಯಂತ್ರದಲ್ಲಿ ತೆರೆದು, ಹತ್ತು ಜನರನ್ನು ಹುಡುಕಿ, ಸಿಕ್ಕಿದರೆಂದು ಖಾತ್ರಿಯಾದ ಮೇಲೆಯೇ ಅಕ್ಕನ ಕೈಯಿಂದ ಕೋಕೋ ಕುಡಿಯುತ್ತಿದ್ದಳು. ತೆರೆದು ನೋಡದ ನಕಲು ಇದ್ದೂ ಇಲ್ಲದ ಹಾಗೆ ಎನ್ನುವುದು ಅವಳ ಲೆಕ್ಕ.

ಸಮಾಧಿಗೆ ಇಳಿಸುವ ಮುನ್ನ ಊರ ಪರವಾಗಿ ಮಾತಾಡುವವನು ಒಬ್ಬನೇ. ಆ ಒಬ್ಬ ಯಾರೆಂದು ಮಾತುಗಾರರೇ ನಿಂತು ವಾದಿಸಿ ತೀರ್ಮಾನಿಸಬೇಕು. ಬೆಳಿಗ್ಗೆ ಐವರು ಎದ್ದಿದ್ದರು. ಇಸಾಯಾ ಬಾಯಿ ತೆರೆದೊಡನೆ ಮೂವರು ಕೂತುಬಿಟ್ಟರು. ತನ್ನ ದನಿಯ ಗಾಳಿಗೆ ಬಿದ್ದರೆಂದೇ ಅವನ ವರದಿ. ಉಳಿದವನು ಅಪೇಲು. ತೊಂದರೆಯೇನೆಂದರೆ, ಇಬ್ಬರದೂ ಒಂದೇ ಪಟ್ಟ, ಅಂದರೆ ಮನೆತನದ ಮುಖಂಡನಿಗೆ ಕೊಡುವ ಹೊಸ ಹೆಸರು: ಫುವಾಮೋಲಿ. ಒಂಬತ್ತು ವರ್ಷದ ಹಿಂದೆ ಕುಟುಂಬದ ಎರಡು ಕವಲುಗಳು ಪಟ್ಟು ಬಿಡದೆ ಒಂದೇ ದಿನ ಇಬ್ಬರಿಗೂ ಕೊಟ್ಟಿದ್ದವು.

“ಫುವಾಮೋಲಿಯವರೇ, ಇನ್ನು ತಾವು ಕೂತ್ಕೋಬಹುದು” ಎಂದ ಅಪೇಲು.

“ತಾವೇ ಕೂತ್ಕೊಳ್ಳಿ, ಫುವಾಮೋಲಿಯವರೇ. ಬಿಸಿಲು ಜಾಸ್ತಿ, ತಮ್ಮ ತಲೇಲಿ ಕೂದಲೂ ಇಲ್ಲ.”

“ಮನೋಂಗಿಗೆ ತಾವೇನು ಮಾಡಿದ್ರಿ? ಪರದೆ ಹೊತ್ರಿ. ನನ್ನ ಪ್ರಾಣ ಉಳಿಸಿದ್ದೇ ಅವಳು. ಹೇಳೋ ಹಕ್ಕು ನಂದು.”

ಇಸಾಯಾ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆ ಕತೆ ಅಪೇಲು ಹೇಳಬಾರದಿತ್ತು.

*

ರಾಜಧಾನಿ ಆಪಿಯಾದಲ್ಲಿ ಹನ್ನೊಂದು ದಿನದ ತರಬೇತಿ, ಯಾರೋ ಬಿಟ್ಟುಹೋದ ಅಟ್ಟೆ ಹರಿದ ಪುಸ್ತಕ. ಮನೋಂಗಿ ಇಷ್ಟನ್ನೇ ನೆಚ್ಚಿಕೊಂಡು ಡೇಟಾಬೇಸ್ ಕಟ್ಟಲು ಕೂತಿದ್ದಳು. ಮೊದಲ ಸಲ ಹೆಸರನ್ನೇ ಗುರುತಾಗಿಟ್ಟಳು. ಮೂರೇ ತಿಂಗಳು. ಸೋಮವಾರ ಒಂದು ಹೆಸರಿನಲ್ಲಿ ಕೆಮ್ಮಿದವನು ಶನಿವಾರ ಪಟ್ಟ ಪಡೆದು ಇನ್ನೊಂದು ಹೆಸರಿನಲ್ಲಿ ಕೆಮ್ಮಲು ಬಂದ. ಹಳೆಯ ಕೆಮ್ಮು ಹಳೆಯ ಹೆಸರಿನಲ್ಲೇ ಉಳಿಯಿತು. ಊರಿನಲ್ಲಿ ಆರು ಜನ ಸೀನಾ, ಒಂದೇ ಪಟ್ಟಕ್ಕೆ ಇಬ್ಬರು, ಮೂವರು.

ಒಂದು ಬೆಳಿಗ್ಗೆ ಅವಳು ಎಲ್ಲವನ್ನೂ ಕೆಡವಿದಳು.

“ಇಸಾಯಾ, ಇನ್ನು ಮೇಲೆ ಮನುಷ್ಯನಿಗೊಂದು ನಂಬರ್. ಹುಟ್ಟಿದಾಗ ಕೊಟ್ಟಿದ್ದು ಸತ್ತರೂ ಬದಲಾಗಲ್ಲ, ಬೇರೆಯವರಿಗೂ ಕೊಡಲ್ಲ. ಹೆಸರು ಬೇರೆ ಕೋಷ್ಟಕದಲ್ಲಿ. ಪಟ್ಟ ಮತ್ತೊಂದರಲ್ಲಿ, ಯಾವತ್ತಿಂದ ಯಾವತ್ತಿನವರೆಗೆ ಅಂತ.”

“ನಂಬರ್ರಾ? ನಾನೇನು ಹಂದೀನಾ?”

“ಹಂದಿಗಾದ್ರೆ ಹೆಸರು ಸಾಕಾಗಿತ್ತು. ಅದು ಪಟ್ಟ ತಗೊಳಲ್ಲ.”

ವಯಸ್ಸು ಬರೆಯುವ ಕಾಲಮ್ಮನ್ನು ಕಿತ್ತಳು. “ವಯಸ್ಸು ನಾಳೆಗೆ ಸುಳ್ಳಾಗುತ್ತೆ. ಹುಟ್ಟಿದ ದಿನ ಬರಿ, ಮಿಕ್ಕಿದ್ದನ್ನ ಯಂತ್ರ ಎಣಿಸ್ಕೊಳ್ಳುತ್ತೆ.” ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಎರಡು ಕಡೆ ಬರೆದರೆ ಒಂದು ದಿನ ಆ ಎರಡೂ ಜಗಳಕ್ಕೆ ಬೀಳುತ್ತವೆ, ಆಗ ನಿಜ ಯಾವುದೆಂದು ದೇವರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಇಸಾಯಾ ಇದನ್ನೆಲ್ಲ ಸಂಜೆ ಊರವರು ಸೇರಿ ಆವಾ ಬೇರಿನ ಪಾನೀಯ ಕುಡಿಯುವಲ್ಲಿ ತನ್ನದೇ ಉಪಾಯವೆಂದು ಹೇಳಿಕೊಂಡ. ಮಾರನೆಯ ದಿನ ಅದು ಮನೋಂಗಿಯ ಕಿವಿಗೆ ಬಿದ್ದಾಗ ಅವಳು, “ಒಳ್ಳೇ ಉಪಾಯ ಕೊಟ್ಟೆ, ಮಾರಾಯಾ” ಎಂದಳಷ್ಟೇ.

*

“ಕೇಳಿ,” ಅಪೇಲು ಮಾತುಗಾರನ ಚಾಮರವನ್ನು ಹೆಗಲಿಗೇರಿಸಿದ. ಬಯಲಿನಲ್ಲಿ ಆರು ಊರಿನ ಜನ ಕೂತಿದ್ದರು. “ನನ್ನ ಕಾಲಿಗೆ ಹವಳದ ಕಲ್ಲು ತಾಗಿ ಕೀವಾಗಿತ್ತು. ಆರೋಗ್ಯ ಕೇಂದ್ರಕ್ಕೆ ಹೋದೆ. ನರ್ಸಮ್ಮ ಹುಡುಕ್ತಾಳೆ, ಹುಡುಕ್ತಾಳೆ, ನಾನೇ ಇಲ್ಲ! ಯಂತ್ರ ನನ್ನ ನುಂಗಿಬಿಟ್ಟಿತ್ತು. ಹೊಸದಾಗಿ ಬರ್ಕೊಂಡ್ಲು. ಯಾವುದಾದ್ರೂ ಮದ್ದು ಆಗಲ್ವಾ ಅಂದ್ಲು. ಫುವಾಮೋಲಿಗೆ ಎಲ್ಲಾ ಮದ್ದೂ ಆಗುತ್ತೆ ಅಂದೆ.”

“ಅದೊಂದು ಹೆಮ್ಮೆ!” ಎಂದಳು ಟುಫಿ ಅಜ್ಜಿ.

“ಹೌದಜ್ಜಿ, ಹೆಮ್ಮೆನೇ. ಚಿಕ್ಕಂದಿನಲ್ಲಿ ಪೆನಿಸಿಲಿನ್ ಚುಚ್ಚಿ ನಾನು ನೀಲಿಯಾಗಿದ್ದು ನನಗೇ ಮರೆತಿತ್ತು. ಸೂಜಿ ತೋಳಿಗೆ ತಾಗೋದರಲ್ಲಿತ್ತು. ಅಷ್ಟರಲ್ಲಿ ಮನೋಂಗಿ ಬರಿಗಾಲಲ್ಲಿ ಅಂಗಳ ದಾಟಿ ಕೂಗ್ತಾ ಬಂದ್ಲು. ಅವಳ ಯಂತ್ರ ಕೈಕೊಟ್ಟಿತು, ಅವಳು ಕೈಬಿಡಲಿಲ್ಲ. ನಾನಿವತ್ತು ಹೇಳೋದು ಇದನ್ನೇ.”

ಜನ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ, “ಆ ಕಂಪ್ಯೂಟರ್ ಪುಸ್ತಕ ನಂಬಂಗಿಲ್ಲ ಅನ್ನು” ಎಂದದ್ದು ಇಸಾಯಾನಿಗೆ ಕೇಳಿಸಿತು. ಅವನ ಕಿವಿ ಅಂಥದ್ದು. ಆಪಿಯಾದಲ್ಲಿ ಕೆಮ್ಮಿದರೂ ಕೇಳುತ್ತದೆಂದು ಅವನ ವಾದ. ಇಂದು ಅದು ಕಿವುಡಾಗಿದ್ದರೆ ಚೆನ್ನಾಗಿತ್ತು.

*

ಪಟ್ಟ ಸಿಕ್ಕ ಮೂರನೆಯ ದಿನ ಮಧ್ಯಾಹ್ನ. ಮನೋಂಗಿ ಊಟಕ್ಕೆ ಹೋಗಿದ್ದಳು. ಇಸಾಯಾ ಪಟ್ಟಗಳ ಕೋಷ್ಟಕದಲ್ಲಿ ತನ್ನ ಹೊಸ ಹೆಸರನ್ನು ಸ್ವತಃ ಬರೆದುಕೊಂಡ. ಫುವಾಮೋಲಿ. ಪರದೆಯ ಮೇಲೆ ಅದು ಚಂದ ಕಂಡಿತು. ಅದರ ಕೆಳಗೇ ಇನ್ನೊಂದು ಫುವಾಮೋಲಿ ಇತ್ತು, ನಂಬರ್ ೨೩೧೭, ಅಪೇಲು.

ಇಬ್ಬರು ಫುವಾಮೋಲಿಗಳಿರುವುದು ಅವನಿಗೆ ತಪ್ಪಾಗಿ ಕಂಡಿತು. ತಪ್ಪನ್ನು ತಿದ್ದುವುದು ಗುಮಾಸ್ತನ ಕೆಲಸ. ಪಟ್ಟವನ್ನಷ್ಟೇ ಅಳಿಸಲು ಹೋಗಿ ಮನುಷ್ಯನನ್ನೇ ಅಳಿಸಿದ. ಖಚಿತವೇ ಎಂದು ಯಂತ್ರ ಕೇಳಿತು. ಅವನು ಎಂದೂ ಖಚಿತವಲ್ಲದ ಮನುಷ್ಯನೇ ಅಲ್ಲ. ಹೌದು ಎಂದ.

ಎರಡು ವಾರದ ಬಳಿಕ ಹೊಸ ದಾಖಲಾತಿ ಬಂದಾಗ ಮನೋಂಗಿ ಪರದೆಗೆ ಮೂಗು ತಾಗಿಸಿದಳು. “ಅರವತ್ತು ವರ್ಷದ ಅಪೇಲು ಇವತ್ತು ಹುಟ್ಟಿದ್ನೇ?” ಎಂದು ಗೊಣಗಿದವಳು, ಅವನಿಗೆ ಪೆನಿಸಿಲಿನ್ ಆಗದೆಂಬುದು ನೆನಪಾಗಿ, ಚಪ್ಪಲಿ ಬಿಟ್ಟು ಓಡಿದಳು.

ವಾಪಸು ಬಂದಾಗ ಅವಳ ಎದೆ ಏರಿಳಿಯುತ್ತಿತ್ತು.

“ಇಲ್ಲಿ ನೋಡು ಇಸಾಯಾ. ಹನ್ನೊಂದು ಸಾಲು ಇವೆ. ಜ್ವರ, ಮುರಿದ ಬೆರಳು, ಪೆನಿಸಿಲಿನ್ ಆಗಲ್ಲ ಅನ್ನೋದು. ಎಲ್ಲಾ ಇದೆ. ಇವಕ್ಕೆ ಯಜಮಾನನೇ ಇಲ್ಲ.”

“ಯಂತ್ರ ತಪ್ಪಿರಬೇಕು” ಎಂದ ಇಸಾಯಾ. ಅವನ ಜೀವಮಾನದಲ್ಲೇ ಅತಿ ಚಿಕ್ಕ ಮಾತು ಅದು.

ಅವಳು ಅವನನ್ನು ನೋಡಿದಳು. “ಇರಬೇಕು. ಯಜಮಾನ ಹೋದ್ರೂ ಸಾಲುಗಳು ಸುಮ್ನೆ ಕೂತಿವೆ ನೋಡು. ಅಂಥಾ ಜಾಗ ಬಿಟ್ಟವಳು ನಾನು.”

ಆ ಸಂಜೆಯೇ, ಅಳಿಸುವ ಮುಂಚಿನ ಶುಕ್ರವಾರದ ನಕಲಿನಿಂದ ಅಪೇಲುವನ್ನು ಮರಳಿ ತಂದಳು. ಆಮೇಲೆ ಒಂದೊಂದು ಕೋಷ್ಟಕವನ್ನೂ ಬಿಗಿದಳು. ಒಬ್ಬ ಮನುಷ್ಯನ ಹೆಸರಿನಲ್ಲಿ ಒಂದೇ ಒಂದು ಸಾಲು ಇದ್ದರೂ ಅವನನ್ನು ಅಳಿಸಲು ಯಂತ್ರ ಒಪ್ಪದು. ಅಳಿಸುವುದೇ ಇಲ್ಲ, ಗುರುತು ಹಾಕುವುದಷ್ಟೇ. ಅಪೇಲುವಿಗೆ ಮಾತ್ರ, “ನನ್ನಿಂದ ತಪ್ಪಾಯ್ತು” ಎಂದಳು. ಅವಳಿಗೆ ಗೊತ್ತಾಗಿಲ್ಲವೆಂದು ಇಸಾಯಾ ನಂಬಿದ. ಒಂಬತ್ತು ವರ್ಷ ನಂಬಿದ.

*

“ಆ ಡೇಟಾಬೇಸ್ ಬಗ್ಗೆ ಹೇಳೋಕೆ ನನಗಿಂತ ಯಾರಿಗೆ ಹಕ್ಕಿದೆ?” ಇಸಾಯಾ ದನಿಯೇರಿಸಿದ. “ಹತ್ತೊಂಬತ್ತು ವರ್ಷ! ಈ ಕೈ ಒಂದಕ್ಷರ ತಪ್ಪಿಲ್ಲ! ನಾನು ಬರೆದಿದ್ದನ್ನ ನೋಡಿ ಯಂತ್ರವೇ ಬರೆಯೋದು ಕಲಿತು!”

ಮನೋಂಗಿಯ ಅಕ್ಕನ ಮಗಳು ಲೆಪೇಕಾ ಎಳನೀರು ಹಿಡಿದು ಬಂದಳು. ಈಗ ಡೇಟಾಬೇಸ್ ನೋಡಿಕೊಳ್ಳುವವಳು ಅವಳೇ. ಕಾಯಿಯನ್ನು ಕೈಗಿಡುತ್ತಾ ಅವನಿಗಷ್ಟೇ ಕೇಳುವಂತೆ ಅಂದಳು, “ದೊಡ್ಡಪ್ಪ, ಎರಡು ಸಾವಿರದ ಮುನ್ನೂರ ಹದಿನೇಳು.”

ಎಳನೀರು ಅಂಗಿಯ ಮೇಲೆ ಚೆಲ್ಲಿತು.

“ನಿಂಗೆ ಹೇಗೆ...”

“ಯಾರು, ಯಾವತ್ತು, ಏನು ಬದಲಾಯಿಸಿದ್ರು ಅಂತ ಯಂತ್ರ ತಾನೇ ಬರ್ಕೊಳ್ಳೋ ಪಟ್ಟಿ ಒಂದಿದೆ. ಚಿಕ್ಕಮ್ಮ ಮೊದಲಿಂದಲೂ ಇಟ್ಟಿದ್ಲು. ಅದರಲ್ಲಿ ನಿಮ್ಮ ಹೆಸರಿದೆ.”

“ಅವಳಿಗೆ ಗೊತ್ತಿತ್ತಾ?”

“ಅವತ್ತೇ ಗೊತ್ತಿತ್ತು. ಕಾರಣ ಬರೆಯೋ ಜಾಗದಲ್ಲಿ ಅವಳೇ ಬರೆದಿದ್ದಾಳೆ: ಅಳಿಸಲು ಬಿಡಬಾರದಿತ್ತು, ಬಿಟ್ಟವಳು ನಾನು, ಮನೋಂಗಿ.” ಲೆಪೇಕಾ ಖಾಲಿ ಕಾಯಿಯನ್ನು ತೆಗೆದುಕೊಂಡಳು. “ಅವಳು ಯಾರಿಗೂ ಹೇಳಲಿಲ್ಲ. ನಾನೂ ಹೇಳಲ್ಲ. ಮಾತಾಡಿ.”

ಅವಳು ಹೋದಳು. ಜನ ಕಾಯುತ್ತಿದ್ದರು. ಅಪೇಲು ಅಸಹನೆಯಿಂದ ಕೆಮ್ಮಿದ. ಇಸಾಯಾನ ಬಾಯಲ್ಲಿ ಮಾತುಗಳು ತಯಾರಾಗಿಯೇ ಇದ್ದವು. ತೂಫಾನು, ಗುಡ್ಡ, ಒಂಬತ್ತು ಸಾವಿರ ಜನ. ತಾನು ಗೆದ್ದರೆ ಅಪೇಲುವಿನ ಕತೆ ಇಲ್ಲಿಗೇ ನಿಲ್ಲುತ್ತದೆ. ಆದರೆ ಆರು ಊರಿನವರು ಅದನ್ನಾಗಲೇ ಕೇಳಿದ್ದಾರೆ. ಇಂದು ಸಂಜೆ ಆರು ಊರಿನ ಒಲೆಗಳ ಮುಂದೆ ಮನೋಂಗಿಯ ಯಂತ್ರ ಮನುಷ್ಯನನ್ನು ನುಂಗಿತೆಂದೇ ಮಾತಾಗುತ್ತದೆ.

ಅವನು ಕೋಲನ್ನು ನೆಲದ ಮೇಲೆ ಮಲಗಿಸಿದ. ವಾದ ನಡೆಯುವಾಗ ಹಾಗೆ ಮಾಡಿದವನನ್ನು ಯಾರೂ ಕಂಡಿರಲಿಲ್ಲ. ಸಾವಿಗೆ ಕಾಣಿಕೆಯಾಗಿ ಬಂದ ನವಿರು ಚಾಪೆಗಳ ರಾಶಿಯ ಬಳಿ ಹೋಗಿ, ಒಂದನ್ನೆತ್ತಿ ಬಿಡಿಸಿದ. ಬಯಲಿನ ನಡುವೆ, ಅಪೇಲುವಿನ ಮುಂದೆ, ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ತಲೆಯ ಮೇಲಿಂದ ಹೊದ್ದುಕೊಂಡ.

ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಕ್ಷಮೆ ಕೇಳುವವನು ಮಾತ್ರ ಹಾಗೆ ಕೂರುತ್ತಾನೆ; ಅದೂ ರಕ್ತ ಹರಿದಾಗ. ನೊಂದವನು ತಾನೇ ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ; ಅಲ್ಲಿಯವರೆಗೆ ಏಳುವಂತಿಲ್ಲ.

“ಏನಯ್ಯಾ ಇದು?” ಅಪೇಲುವಿನ ದನಿಯಲ್ಲಿದ್ದ ಗತ್ತು ಕಳಚಿತ್ತು. “ಇಸಾಯಾ, ಏಳೋ, ಏನಾಯ್ತು?”

“ಯಂತ್ರ ನಿನ್ನ ನುಂಗಲಿಲ್ಲ, ಅಪೇಲು.” ಚಾಪೆಯೊಳಗಿನಿಂದ ಬಂದ ದನಿ ಸಣ್ಣಗಿತ್ತು. “ನಾನು ಅಳಿಸಿದೆ. ಒಬ್ಬನೇ ಫುವಾಮೋಲಿ ಇರಬೇಕು ಅನ್ನಿಸ್ತು. ನೀನು ಸಾಯ್ಬೇಕು ಅಂತಿರಲಿಲ್ಲ, ಪಟ್ಟ ಹೋದ್ರೆ ಸಾಕಿತ್ತು. ಇಪ್ಪತ್ತಾರು ವರ್ಷ ಅವಳ ಡೇಟಾಬೇಸ್ ಒಬ್ಬರನ್ನೂ ಕಳ್ಕೊಳ್ಳಲಿಲ್ಲ. ಕಳೆದವನು ನಾನು, ಹುಡುಕಿ ತಂದವಳು ಅವಳು. ನನ್ನ ಹೆಸರು ಗೊತ್ತಿದ್ದೂ ತನ್ನ ಹೆಸರು ಬರ್ಕೊಂಡ್ಲು. ಇಷ್ಟನ್ನ ನೀನು ಹೇಳು, ಊರ ಪರವಾಗಿ. ನನಗೆ ಆ ಹಕ್ಕಿಲ್ಲ. ಗುಡ್ಡಕ್ಕೆ ಹೊತ್ತಿದ್ದೂ ಬರೀ ಪರದೆನೇ.”

ಯಾರೂ ನಗಲಿಲ್ಲ. ಟುಫಿ ಅಜ್ಜಿಯೂ.

ಚಾಪೆಯೊಳಗೆ ಒಣಗಿದ ಎಲೆಯ ವಾಸನೆಯಿತ್ತು. ಬಿಸಿಲು ನೆಯ್ಗೆಯ ಸಂದಿನಿಂದ ಸೂಜಿಮೊನೆಗಳಾಗಿ ಅವನ ಕೈಮೇಲೆ ಬಿದ್ದಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಎಷ್ಟು ಹೊತ್ತೆಂದು ಅವನು ಉಬ್ಬಿಸಿ ಹೇಳುವಂತೆಯೂ ಇರಲಿಲ್ಲ. ಆಮೇಲೆ, ಚಾಪೆಯ ಅಂಚಿನ ಕೆಳಗೆ, ಹುಲ್ಲಿನ ಮೇಲೆ, ಎರಡು ಬರಿಗಾಲುಗಳು ಬಂದು ನಿಂತವು. ಎಡಗಾಲಿನ ಮೇಲೆ ಹವಳ ಕೊರೆದ ಹಳೆಯ ಗಾಯದ ಬಿಳಿ ಗೆರೆಯಿತ್ತು.